ಕಂಬಿ ಕಿತ್ತ ಲೆಕ್ಕ

ನಮ್ಮ ಆಡುಮಾತಿನಲ್ಲಿ ‘ಕಂಬಿ ಕೀಳು’ ಎಂದರೆ ಓಡಿಹೋಗುವುದು. ಆದರೆ ಕಾಲಿನ ಮೂಳೆಗೆ ನಿಜವಾದ ಕಂಬಿ ಹಾಕಿಸಿಕೊಂಡವನು ಅದನ್ನು ಕೀಳಿಸಿಕೊಂಡ ಮೇಲೂ ಕೆಲವು ವಾರ ಓಡಲಾರ. ಓಡುವ ಸರದಿ ಆಗ ವಿಮೆಯವರದು.

ಚಂದ್ರಾ ಲೇಔಟಿನ ನಮ್ಮ ದಿನಸಿ ಅಂಗಡಿಯವರು ಹೊರವರ್ತುಲ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ಮೊಳಕಾಲಿನ ಕೆಳಗಿನ ಮೂಳೆ ಮುರಿದುಕೊಂಡರು. ಮೂಳೆ ಚರ್ಮವನ್ನು ಸೀಳಿ ಹೊರಕ್ಕೆ ಬಂದಿತ್ತು. ಇಂಥ ಗಾಯದೊಳಗೆ ಪ್ಲೇಟು ಕೂರಿಸಿದರೆ ಕೀವಾಗುವ ಭಯವುಂಟು. ಆದ್ದರಿಂದ ಮುರಿದಲ್ಲಿಂದ ಮೇಲೂ ಕೆಳಗೂ ಮೂಳೆಗೇ ಮೊಳೆ ತಿರುಗಿಸಿ, ಚರ್ಮದ ಹೊರಗೆ ಅವನ್ನು ಕಂಬಿಗೆ ಬಿಗಿಯುತ್ತಾರೆ. ಸೋವಿಯತ್ ದೇಶದ ಕುರ್ಗಾನಿನಲ್ಲಿ ಇಲಿಜಾರೊವ್ ಎಂಬ ವೈದ್ಯರು 1950ರ ದಶಕದಲ್ಲಿ ಇದಕ್ಕೆ ಬಳೆಯ ರೂಪ ಕೊಟ್ಟರು. ನಮ್ಮವರದು ಬಳೆಯಲ್ಲ, ನೆಟ್ಟಗಿನ ಕಂಬಿ. ಐದು ತಿಂಗಳು ಅದನ್ನು ಹೊತ್ತುಕೊಂಡೇ ಗಲ್ಲಾದ ಮುಂದೆ ಕುಳಿತು ವ್ಯಾಪಾರ ಮಾಡಿದರು.

ಹಾಕಿದ ಖರ್ಚನ್ನು ವಿಮೆ ಕೊಟ್ಟಿತು. ಕೀಳುವ ಖರ್ಚನ್ನು ಮಾತ್ರ ಮೊದಲು ಕೈಯಿಂದ ಕಟ್ಟಿ ಆಮೇಲೆ ಪಡೆಯಬೇಕಿತ್ತು. “ಅರಿವಳಿಕೆ ಕೊಡಲೇ, ಹಾಗೆಯೇ ತೆಗೆಯಲೇ?” ಎಂದು ವೈದ್ಯರು ಕೇಳಿದರಂತೆ. ಅರಿವಳಿಕೆಯೆಂದರೆ ಬಿಲ್ಲು ಬೆಳೆಯುತ್ತದೆ. “ಹಾಗೇ ತೆಗೀರಿ ಸಾರ್” ಎಂದು ಟವೆಲು ಕಚ್ಚಿಕೊಂಡು ಮಲಗಿದರು. ಅರ್ಧ ಗಂಟೆಯಲ್ಲಿ ಮುಗಿಯಿತು. ಬಿಲ್ಲು, ರಸೀದಿ, ಎಕ್ಸ್‌ರೇ ಎಲ್ಲ ಕಳುಹಿಸಿದ ಮೇಲೆ ಬಂದದ್ದು ಒಂದೇ ಸಾಲು: ಇದು ಹೊರರೋಗಿ ಚಿಕಿತ್ಸೆ, ಸಲ್ಲುವುದಿಲ್ಲ.

“ಮೇಷ್ಟ್ರೇ, ನೀವು ಓದಿದೋರು, ಇದೇನು ನೋಡಿ” ಎಂದು ಕಾಗದ ತಂದರು. ಕನ್ನಡ ಎಂ.ಎ. ಮಾಡಿದವನಿಗೆ ಪಾಲಿಸಿಯೂ ಅರ್ಥವಾಗುತ್ತದೆಂಬ ನಂಬಿಕೆ ನಮ್ಮ ಬೀದಿಯಲ್ಲಿ ಇನ್ನೂ ಉಳಿದಿದೆ. ಓದಿದೆ. ಆಸ್ಪತ್ರೆಯಲ್ಲಿ 24 ಗಂಟೆಯಾದರೂ ಮಲಗಿರಬೇಕು. ಅದಕ್ಕಿಂತ ಕಡಿಮೆಯಾದರೆ ‘ಡೇ ಕೇರ್’ ಎಂಬ ಪಕ್ಕದ ಬಾಗಿಲುಂಟು. ಅದರ ಬೀಗದ ಕೈ ಅರಿವಳಿಕೆ, ಇಡೀ ಮೈಗಾಗಲಿ, ಆ ಜಾಗಕ್ಕಷ್ಟೇ ಆಗಲಿ. ಮನೆಗೆ ಬಂದ ಮೇಲಿನ ಖರ್ಚಿಗೂ ಗಡುವಿದೆ. ಇವರು ಮಾಡಿಸಿದ್ದು 2020ರ ಏಪ್ರಿಲಿನಲ್ಲಿ ಬಂದ ‘ಆರೋಗ್ಯ ಸಂಜೀವನಿ’. ಅದರಲ್ಲಿ 60 ದಿನ. ಚರ್ಮ ಸೀಳಿ ಬಂದ ಕಾಲಿನ ಮೂಳೆ 60 ದಿನದಲ್ಲಿ ಕೂಡುವುದು ಅಪರೂಪ. ಮೂಳೆಗೆ ಪಾಲಿಸಿ ಓದಲು ಬಾರದಲ್ಲ!

ನಮ್ಮಲ್ಲಿ ಮಾತ್ರ ಹೀಗೆಂದು ಸಿಟ್ಟಾಗಬೇಕಿಲ್ಲ. ಅಮೆರಿಕದ ವೈದ್ಯರು ಬಿಲ್ಲು ಬರೆಯುವ ಸಂಕೇತಗಳ ಪುಸ್ತಕದಲ್ಲಿ ಈ ಕಂಬಿ ಕೀಳುವುದಕ್ಕೆ 20694 ಎಂಬ ಅಂಕಿಯಿದೆ. ಅಲ್ಲಿಯೂ ‘ಅರಿವಳಿಕೆ ಕೊಟ್ಟು’ ಎಂಬ ಮಾತು ಅಂಟಿಕೊಂಡೇ ಇದೆ. ಅರಿವು ಅಳಿಯುವುದು ಅರಿವಳಿಕೆ. ಒಳ್ಳೆಯ ಪದ, ಯಾರು ಕಟ್ಟಿದರೋ, ಅವರಿಗೆ ನಮಸ್ಕಾರ. ಅರಿವು ಅಳಿದರೆ ಹಣವುಂಟು, ಅರಿವಿದ್ದು ನೋವು ನುಂಗಿದರೆ ಇಲ್ಲ. ಅಂಗಡಿಯವರ ಮಿತವ್ಯಯದಿಂದ ಉಳಿದದ್ದು ಕಂಪನಿಯ ಹಣ.

ಇನ್ನೊಂದು ಅರ್ಜಿ ಬರೆದುಕೊಟ್ಟೆ. ಕಂಬಿ ಹಾಕಿದ ದಿನವೇ ಅದನ್ನು ಕೀಳಬೇಕೆಂಬುದು ಗೊತ್ತಿತ್ತು. ಆದಕಾರಣ ಇದು ಮೊದಲಿನ ಶಸ್ತ್ರಕ್ರಿಯೆಯ ಕೊನೆಯ ಭಾಗ ಎಂಬುದು ನಮ್ಮ ವಾದ. ಮೊದಲ ಡಿಸ್ಚಾರ್ಜ್ ಕಾಗದ, ಕೀಳಬೇಕೆಂದು ವೈದ್ಯರು ಬರೆದ ಚೀಟಿ, ಎಷ್ಟು ಮೊಳೆ ಹೇಗೆ ತೆಗೆದರೆಂಬ ಟಿಪ್ಪಣಿ, ಎಲ್ಲ ಲಗತ್ತಿಸಿದೆವು. ಆ ಟಿಪ್ಪಣಿಗಾಗಿಯೇ ಎರಡು ಸಲ ಅಲೆದಾಟ. ಬಿಲ್ಲಿನಲ್ಲಿ ಬರೀ ‘ಪ್ರೊಸೀಜರ್’ ಎಂದಿತ್ತು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಜೆ.ಪಿ. ನಗರದ ಜೀವನ್ ಸೌಧದಲ್ಲಿ ವಿಮಾ ಲೋಕಪಾಲರ ಕಚೇರಿಯಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

“ಅಷ್ಟು ದೂರ ಬಸ್ಸಿನಲ್ಲಿ ಹೋಗಬಲ್ಲಿರಾ?” ಎಂದೆ.

“ಕಾಲು ಕೂಡಿದೆಯಲ್ಲ ಮೇಷ್ಟ್ರೇ” ಎಂದು ಬೆಲ್ಲ ತೂಗಲು ಎದ್ದರು.