ಯಂತ್ರದ ಮೌನ

ಕಳೆದ ಆಷಾಢದ ಒಂದು ಬೆಳಗ್ಗೆ ನಮ್ಮ ಮನೆಯ ಗಣಕಯಂತ್ರವು ಇದ್ದಕ್ಕಿದ್ದಂತೆ ಸ್ತಬ್ಧವಾಯಿತು. ಪಾಠಶಾಲೆಯಲ್ಲಿ ನನ್ನ ಗುರುಗಳು ಮೇಘದೂತಕ್ಕೆ ಬಾಯಿಮಾತಿನಲ್ಲಿ ಹೇಳುತ್ತಿದ್ದ ಅರ್ಥವಿಶೇಷಗಳನ್ನು ನೆನೆನೆನೆದು ಬರೆಯುತ್ತಿದ್ದೆನು. ಅವು ಯಾವ ಗ್ರಂಥದಲ್ಲಿಯೂ ಇಲ್ಲ, ಅವರೂ ಈಗಿಲ್ಲ. ಆರು ಪುಟಗಳಾಗಿದ್ದುವು, ಒಂದನ್ನೂ ಯಂತ್ರದಲ್ಲಿ ಉಳಿಸಿಟ್ಟಿರಲಿಲ್ಲ. ಒಂದು ಪಾಠಾಂತರವನ್ನು ನೋಡೋಣವೆಂದು ಬ್ರೌಸರನ್ನು ತೆರೆದುದೇ ತಡ, ಕೀಲಿಮಣೆಯನ್ನು ಎಷ್ಟು ಒತ್ತಿದರೂ ಅಕ್ಷರ ಮೂಡಲೊಲ್ಲದು. ಮೌಸಿನ ಬಾಣವು ಚಲಿಸಿದರೂ ಒತ್ತಿದಲ್ಲಿ ಫಲವಿಲ್ಲ.

ವಿದ್ಯುತ್ತನ್ನು ನಿಲ್ಲಿಸಲು ಕೈಯೆತ್ತಿದವನು, ಏನೋ ತೋಚಿ, ಬೆಂಗಳೂರಿನ ಸೋದರಳಿಯನಿಗೆ ಫೋನು ಮಾಡಿದೆನು.

“ದಮ್ಮಯ್ಯ ಮಾವ, ಸ್ವಿಚ್ಚನ್ನು ಮುಟ್ಟಬೇಡಿ. ಅದು ಕೆಟ್ಟಿಲ್ಲ, ಪಾಸ್‌ವರ್ಡ್ ಕೇಳುತ್ತಿದೆ. ಕೇಳುವ ಪೆಟ್ಟಿಗೆ ಬೇರೆ ಕಿಟಕಿಯ ಹಿಂದೆ ಮರೆಯಾಗಿರಬೇಕು. ದಿನವೂ ಯಂತ್ರ ಹಾಕಿದಾಗ ಪಾಸ್‌ವರ್ಡ್ ಕೊಡುತ್ತೀರಿ ತಾನೆ?”

“ಇಲ್ಲಪ್ಪ. ಬೇಸರವಾಗಿ ಅದನ್ನು ನಾನೇ ತೆಗೆಸಿಹಾಕಿದೆ.”

ತಪ್ಪು ಅಲ್ಲಿಯೇ ಇದ್ದಿತು. ನಮ್ಮದು ಲಿನಕ್ಸ್ ವರ್ಗದ ವ್ಯವಸ್ಥೆ. ಅದರಲ್ಲಿ ಗ್ನೋಮ್ ಕೀರಿಂಗ್ ಎಂಬ ಭಂಡಾರವೊಂದು ನಮ್ಮ ಪಾಸ್‌ವರ್ಡುಗಳನ್ನೆಲ್ಲ ಬೀಗಹಾಕಿ ಕಾಯುತ್ತದೆ. ಹೆಬ್ಬಾಗಿಲಲ್ಲಿ ಕೊಟ್ಟ ಸಂಕೇತಪದದಿಂದಲೇ ಆ ಬೀಗವೂ ತೆರೆಯುತ್ತದೆ. ಹೆಬ್ಬಾಗಿಲನ್ನು ಹಾರುಹೊಡೆದರೆ ಭಂಡಾರವು ಮುಚ್ಚಿಯೇ ಇದ್ದು, ಬ್ರೌಸರು ಬಂದು ತಟ್ಟಿದಾಗ ಯಜಮಾನನನ್ನು ಕೇಳುತ್ತದೆ. 1987ರಲ್ಲಿ ಹೊರಬಂದ ಎಕ್ಸ್ 11 ಎಂಬ ಕಿಟಕಿವ್ಯವಸ್ಥೆಯಲ್ಲಿ ಒಂದು ಕಾರ್ಯಕ್ರಮಕ್ಕೆ ಒತ್ತಿದ ಅಕ್ಷರಗಳನ್ನು ಇನ್ನೊಂದು ಕದ್ದು ಕೇಳಬಹುದಂತೆ. ಆ ಭಯದಿಂದ ಈ ಪ್ರಶ್ನೆಯ ಪೆಟ್ಟಿಗೆಯು ಉತ್ತರ ಸಿಕ್ಕುವವರೆಗೂ ಕೀಲಿಮಣೆ ಮೌಸುಗಳೆರಡನ್ನೂ ತನ್ನ ಮುಷ್ಟಿಯಲ್ಲಿ ಹಿಡಿದಿರುತ್ತದೆ. ಪ್ರಶ್ನೆಯೇ ಕಾಣದವನು ಉತ್ತರವನ್ನು ಹೇಗೆ ಕೊಟ್ಟಾನು? ತರಗತಿಯಲ್ಲಿ ಸುಮ್ಮನೆ ನಿಂತ ಹುಡುಗರನ್ನು ನಾನೂ ಎಷ್ಟೋ ಸಲ ಗದರಿದ್ದುಂಟು.

ಅಳಿಯನು ಕಂಟ್ರೋಲ್, ಆಲ್ಟ್, ಎಫ್ 2 ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿಸಿದನು. ಚಿತ್ರಗಳೆಲ್ಲ ಮಾಯವಾಗಿ ಕರಿಯ ತೆರೆಯೊಂದು ಬಂದಿತು. ಹೆಸರನ್ನು ಬರೆದೆನು; ಸಂಕೇತಪದವನ್ನು ಒತ್ತಿದರೆ ಒಂದು ಚುಕ್ಕೆಯೂ ಕಾಣದು. ಇದೂ ನಿಂತಿತೆಂದು ಎದೆ ಧಸಕ್ಕೆಂದಿತು. “ಅಲ್ಲಿ ಕಾಣಿಸುವುದಿಲ್ಲ ಮಾವ, ಒತ್ತಿ” ಎಂದನು. ಆಮೇಲೆ ಒಂದೊಂದೇ ಅಕ್ಷರ ಹೇಳಿ ಬರೆಯಿಸಿದ ಆಜ್ಞೆ, ‘ಪಿಕಿಲ್ ಜಿಸಿಆರ್-ಪ್ರಾಂಪ್ಟರ್’. ಕಿಲ್ ಎಂದರೆ ವಧೆ. ಯಾರ ವಧೆಯೋ, ಆರು ಪುಟಗಳದೋ ಎಂದು ಕೈ ನಡುಗಿತು. ಕೊನೆಗೆ ಕಂಟ್ರೋಲ್, ಆಲ್ಟ್, ಎಫ್ 7 ಒತ್ತಿ ಹಿಂದಿರುಗಿದೆನು. ಅರ್ಧಕ್ಕೆ ನಿಂತಿದ್ದ ವಾಕ್ಯದ ತುದಿಯಲ್ಲಿ ಗೆರೆಯು ಮಿಣುಕುತ್ತಿದ್ದಿತು. ಮೊದಲು ಉಳಿಸಿದೆನು, ಆಮೇಲೆ ನೀರು ಕುಡಿದೆನು.

ಭಂಡಾರದ ಸಂಕೇತಪದವನ್ನು ಬರಿದಾಗಿಟ್ಟರೂ ಈ ತೊಂದರೆ ತಪ್ಪುತ್ತದೆ. ಆದರೆ ಆಗ ಒಳಗಿನ ಗುಟ್ಟುಗಳಿಗೆ ಕಾವಲಿಲ್ಲವೆಂದು ಅಳಿಯನು ಒಪ್ಪಲಿಲ್ಲ. ಈಗ ದಿನವೂ ಹೆಬ್ಬಾಗಿಲಲ್ಲಿಯೇ ಸಂಕೇತಪದವನ್ನು ಕೊಟ್ಟು ಒಳಹೋಗುತ್ತೇನೆ. ಆರು ಪುಟಗಳು ಹದಿನಾಲ್ಕಾಗಿವೆ, ಉತ್ತರಮೇಘವಿನ್ನೂ ಉಳಿದಿದೆ.