ಬಾಗಿಲಿನ ಭಾರ

2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನು ಫ್ರಾನ್ಸಿನ ಪ್ಯೂಜೊ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು. ಬರೀ ಹೆಸರಿಗೆ! ಆ ಹೆಸರು ಹೊತ್ತ ನನ್ನ ಗಾಡಿಯ ಬಾಗಿಲಿಗೆ ಬೇಕಾದ ಬೆರಳುದ್ದದ ಪಿನ್ನು ಮಾತ್ರ ಬೆಂಗಳೂರಿನ ಜೆ.ಸಿ. ರಸ್ತೆಯನ್ನೆಲ್ಲ ಸುತ್ತಿದರೂ ಸಿಗಲಿಲ್ಲ. “2014ಕ್ಕೇ ಗಾಡಿ ನಿಂತೋಯ್ತಲ್ಲ ಸಾರ್, ಲೇತಿಗೆ ಕೊಟ್ಟು ಮಾಡಿಸ್ಕೊಳ್ಳಿ” ಎಂದರು ಅಂಗಡಿಯವರು.

ನಮ್ಮದು 1977ರ ಮಾರ್ಕ್ 3. ಬಂಗಾಳದ ಉತ್ತರಪಾರಾದಲ್ಲಿ ಹುಟ್ಟಿದ್ದು. ವಂಶ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನದು. ಎಷ್ಟು ಜನ ಕೂರಬಹುದೆಂದು ಆರ್.ಸಿ.ಯಲ್ಲಿ ಬರೆದಿತ್ತು. ಬರೆದವರಿಗೆ ನಮ್ಮ ಬಳಗದ ಪರಿಚಯವಿರಲಿಲ್ಲ. ಧರ್ಮಸ್ಥಳಕ್ಕೆ ಹೊರಟರೆ ಮಕ್ಕಳನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಮಂಡಿನೋವಿನ ಅಜ್ಜಿಗೆ ಮುಂದಿನ ಸೀಟು. ಇಳಿಯುವಾಗ ತೆರೆದ ಬಾಗಿಲಿನ ಮೇಲೆ ಮೈಭಾರವನ್ನೆಲ್ಲ ಹಾಕಿ “ಶಿವನೇ” ಎಂದು ಏಳುತ್ತಿದ್ದಳು. ಶಿವ ಎತ್ತುತ್ತಿದ್ದನೋ ಇಲ್ಲವೋ, ಎಳೆತ ಬೀಳುತ್ತಿದ್ದುದು ಮೇಲಿನ ಹಿಂಜಿಗೆ. ಅಲ್ಲಿ ಪಿನ್ನು ಒಂದು ಮಿಲಿಮೀಟರ್ ಸವೆದರೆ ಲಾಕಿನ ತುದಿಯಲ್ಲಿ ಬಾಗಿಲು ಎರಡು ಮೂರು ಮಿಲಿಮೀಟರ್ ಇಳಿದಿರುತ್ತದೆ.

ಹಾಗಾಗಿ ನಮ್ಮಲ್ಲಿ ಬಾಗಿಲನ್ನು ಎತ್ತಿ ಹಾಕಬೇಕಿತ್ತು. ಎತ್ತದೆ ಹಾಕಿದವರು ಹೊರಗಿನವರೆಂದು ತಕ್ಷಣ ಗೊತ್ತಾಗುತ್ತಿತ್ತು. ಹೆಣ್ಣು ನೋಡಲು ಬಂದ ಭಾವ, ಯಾರೂ ಹೇಳಿಕೊಡದೆ, ಎತ್ತಿ ಹಾಕಿದರು. ಅಪ್ಪ ಅಲ್ಲೇ ಒಪ್ಪಿಬಿಟ್ಟರೆಂದು ನನ್ನ ಗುಮಾನಿ.

ಅಪ್ಪನ ನಂತರ ಗಾಡಿ ನನ್ನ ಪಾಲಿಗೆ ಬಂತು. ಇಳಿದ ಬಾಗಿಲಿಗೆ ಅಡ್ಡದಾರಿಯ ಮದ್ದೊಂದಿದೆ: ಲಾಕು ಕೂರುವ ಕೊಂಡಿಯ ಸ್ಕ್ರೂ ಸಡಿಲಿಸಿ ಅದನ್ನೂ ಕೆಳಗಿಳಿಸುವುದು. ಹಿಂದೆ ಯಾರೋ ಹಾಗೆ ಮಾಡಿ ಮಾಡಿ, ಇನ್ನು ಇಳಿಸಲು ಜಾಗವೇ ಉಳಿದಿರಲಿಲ್ಲ. ನಮ್ಮ ಮನೆತನದ ಆಸ್ತಿ ಜಗಳಗಳು ತೀರಿದ್ದೂ ಇದೇ ಕ್ರಮದಲ್ಲಿ.

ಟಿಂಕರ್ ಮೇಸ್ತ್ರಿ ಬಾಗಿಲ ತುದಿ ಹಿಡಿದು ಮೇಲೆ ಕೆಳಗೆ ಆಡಿಸಿದರು. ಕಣ್ಣು ಮಾತ್ರ ಹಿಂಜಿನ ಮೇಲೆ. “ಪಿನ್ನು ಅಲ್ಲಾಡಿದ್ರೆ ಪುಣ್ಯ ಸಾರ್. ಕಂಬಾನೇ ಅಲ್ಲಾಡಿದ್ರೆ ಒಳಗೆ ತುಕ್ಕು ಅಂತ. ಕುಯ್ದು ಹೊಸ ತಗಡು ಕೂರಿಸ್ಬೇಕು.” ಅಲ್ಲಾಡಿದ್ದು ಪಿನ್ನೇ. ಬಾಗಿಲಿನಡಿ ಜಾಕಿ, ಅದರ ಮೇಲೆ ಮರದ ತುಂಡು, ಪೇಂಟು ಕೆರೆಯದಂತೆ ಮಡಿಸಿದ ಗೋಣಿ. ಭಾರ ಜಾಕಿಗೆ ಕೂತ ಮೇಲೆ ಹಳೆ ಪಿನ್ನನ್ನು ಬಡಿದು ತೆಗೆದರು. ನಡು ಸವೆದು ಸೊಂಟ ಬಿದ್ದಿತ್ತು. ಅದರ ತೂತೂ ಉದ್ದುದ್ದ ಆಗಿತ್ತು. ದುಂಡಗೆ ಅಗಲಿಸಿ, ಲೇತಿನಲ್ಲಿ ಕಡೆಸಿದ ಒಂಚೂರು ದಪ್ಪದ ಪಿನ್ನು ಹಾಕಿದರು. ಬಾಗಿಲ ಸುತ್ತಿನ ಸಂದು ಒಂದೇ ಸಮವಾಯಿತು. ಬೆರಳಲ್ಲಿ ನೂಕಿದರೆ ಸಾಕು, ಮುಚ್ಚಿಕೊಳ್ಳುತ್ತಿತ್ತು.

ಮನೆಗೆ ತಂದ ಸಂಜೆ ದೊಡ್ಡಮ್ಮ ಹತ್ತಿದರು, ಎರಡೂ ಕೈಯಲ್ಲಿ ಬಾಗಿಲನ್ನು ಎತ್ತಿ ರಪ್ಪೆಂದು ಹಾಕಿದರು. “ಎತ್ತಬೇಡಿ ದೊಡ್ಡಮ್ಮ, ಸರಿಮಾಡಿಸಿದ್ದೀನಿ” ಎಂದೆ. “ನಂಗೆ ಹೇಳಿಕೊಡ್ತೀಯೇನೋ? ನೀನು ಹುಟ್ಟೋಕ್ ಮುಂಚಿನಿಂದ ಹಾಕ್ತಿದೀನಿ” ಎಂದು ಮುಖ ಗಂಟಿಕ್ಕಿದರು.

ಹೊಸ ಪಿನ್ನು ಎಷ್ಟು ವರ್ಷ ಬಂದೀತು ಎಂದು ಮೇಸ್ತ್ರಿಗೆ ಫೋನ್ ಮಾಡಿ ಕೇಳಿದೆ.

“ಮನೇಲಿ ಮದ್ವೆ-ಗಿದ್ವೆ ಏನಾದ್ರೂ ಇದೆಯಾ ಸಾರ್?” ಎಂದರು.