ಯಲ್ಲಾಪುರ ಕಾಣೆಯಾದದ್ದು

ನಮ್ಮ ಶಿರಸಿ ಸೀಮೆಯ ಮದುವೆಯೂಟದಲ್ಲಿ ಪಂಕ್ತಿಯ ನಡುವಿನಿಂದ ಒಬ್ಬರು ಎದ್ದುಹೋದರೆ ಪಕ್ಕದವರ ಎಲೆಯನ್ನು ಯಾರೂ ಎಳೆದುಹಾಕುವುದಿಲ್ಲ. ಕಂಪ್ಯೂಟರಿಗೆ ಈ ಮರ್ಯಾದೆ ತಿಳಿಯದು.

ನನ್ನ ಕಸುಬು ತುಸು ವಿಚಿತ್ರವಾದದ್ದು. ಎಲ್ಲೋ ದೂರದಲ್ಲಿ ಬಾಡಿಗೆಗೆ ಸಿಗುವ ಯಂತ್ರಗಳನ್ನು ಬರಿಯ ಬರವಣಿಗೆಯಿಂದಲೇ ಕಟ್ಟಿ ನಿಲ್ಲಿಸುವುದು. 2014ರಲ್ಲಿ ಹುಟ್ಟಿದ ಟೆರಾಫಾರ್ಮ್ ಎಂಬ ಸಲಕರಣೆಗೆ ಇಂತಿಂಥವು ಇರಲಿ ಎಂದು ಬರೆದುಕೊಟ್ಟರಾಯಿತು. ಇಲ್ಲದ್ದನ್ನು ಕಟ್ಟುತ್ತದೆ, ಬೇಡವಾದದ್ದನ್ನು ಕೆಡವುತ್ತದೆ. ಅಡಿಕೆ ತೂಕದ ಲೆಕ್ಕವಿಡುವ ಸಣ್ಣ ವ್ಯವಹಾರವೊಂದಕ್ಕೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂದು ಪಟ್ಟಿ ಬರೆದು ಊರಿಗೊಂದು ಯಂತ್ರ ನಿಲ್ಲಿಸಿದ್ದೆ. ಅದರ ಎಣಿಕೆ ಸೊನ್ನೆಯಿಂದ ಆರಂಭ. ಹಾಗಾಗಿ ಶಿರಸಿ ಸೊನ್ನೆ, ಸಿದ್ದಾಪುರ ಒಂದು, ಯಲ್ಲಾಪುರ ಎರಡು. ನಮ್ಮೂರು ಸೊನ್ನೆಯಾದದ್ದು ನನಗೇನೂ ರುಚಿಸಲಿಲ್ಲವೆನ್ನಿ.

ಒಂದು ದಿನ ಸಿದ್ದಾಪುರದ ಶಾಖೆ ಮುಚ್ಚಿತು. ಪಟ್ಟಿಯಿಂದ ಹೆಸರು ಅಳಿಸಿದೆ. ಕೆಲಸಕ್ಕೆ ಕೈಹಾಕುವ ಮೊದಲು ಟೆರಾಫಾರ್ಮ್ ಒಪ್ಪಿಗೆ ಕೇಳುತ್ತದೆ. ಕಟ್ಟುವುದು 1, ಕೆಡವುವುದು 2 ಎಂದು ಅಂದೂ ತೋರಿಸಿತು. ಚಹಾ ಆರುತ್ತಿತ್ತು. ಓದದೆಯೇ ಹೂಂ ಎಂದುಬಿಟ್ಟೆ.

ಅದು ನೆನಪಿಟ್ಟುಕೊಂಡದ್ದು ಊರನ್ನಲ್ಲ, ಅಂಕೆಯನ್ನು. ಯಲ್ಲಾಪುರವು ಒಂದನೆಯ ಸ್ಥಾನಕ್ಕೆ ಸರಿದಿತ್ತು; ಹೆಸರು ಬದಲಾದರೆ ಹೊಸದಾಗಿಯೇ ಕಟ್ಟಬೇಕಾದ ಬಗೆಯ ಯಂತ್ರವದು. ಸಿದ್ದಾಪುರವನ್ನು ಕೆಡವಿ ಅಲ್ಲೊಂದು ಬರಿದಾದ ಯಲ್ಲಾಪುರ ಕಟ್ಟಿತು. ಎರಡನೆಯ ಸ್ಥಾನವೇ ಉಳಿಯದ್ದರಿಂದ ನಿಜವಾದ ಯಲ್ಲಾಪುರವನ್ನು ಲೆಕ್ಕಗಳ ಸಮೇತ ಕೆಡವಿತು.

ಹತ್ತು ನಿಮಿಷದಲ್ಲಿ ಅಲ್ಲಿಯ ವೃದ್ಧ ಗುಮಾಸ್ತರ ಫೋನು: “ತಮಾ, ನಂಗಳ ಬೆಳಗಿನ ತೂಕ ಎಲ್ಲಿ ಹೋತೋ?” ಹಿಂದಿನ ರಾತ್ರಿಯವರೆಗಿನ ನಕಲಿತ್ತು, ಬೆಳಗಿನದು ಇರಲಿಲ್ಲ. ಅವರು ಚೀಟಿಗಳನ್ನು ಒಂದೊಂದಾಗಿ ಓದಿದರು, ನಾನು ಬರೆದುಕೊಂಡೆ. ಒಂದು ಬೈಗುಳವಿಲ್ಲ, ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು.

ಆ ರಾತ್ರಿಯೇ ಪಟ್ಟಿಯನ್ನು ಬಿಟ್ಟು ಮ್ಯಾಪ್ ಹಿಡಿದೆ. ಇದು ಭೂಪಟವಲ್ಲ, ಒಂದೊಂದು ಹೆಸರಿಗೂ ಅದರದರ ವಿವರವನ್ನು ಗಂಟುಹಾಕಿದ ಕಂತೆ. ಹೀಗೆ ಹೆಸರು ಹಿಡಿದು ಯಂತ್ರ ನಿಲ್ಲಿಸುವ ‘ಫಾರ್ ಈಚ್’ ಎಂಬ ಸೌಕರ್ಯ 2019ರಿಂದಲೇ ಇತ್ತು. ನಮ್ಮ ಅಂಚೆಯವರು 1972ರಲ್ಲೇ ಪಿನ್ ಕೋಡ್ ತಂದು ಇದನ್ನು ಸಾಧಿಸಿದ್ದರು: ಸಿದ್ದಾಪುರದ 581355 ಇರಲಿ, ಬಿಡಲಿ, ಯಲ್ಲಾಪುರದ 581359 ಅಲುಗದು. ಹಳೆಯ ಸೊನ್ನೆಯೇ ಈಗಿನ ಸಿರ್ಸಿ ಎಂದು ಯಂತ್ರಕ್ಕೆ ತಿಳಿಹೇಳಲು ಮಾತ್ರ ಬೇರೊಂದು ಸಾಲು ಬರೆಯಬೇಕಾಯಿತು. ಇಲ್ಲದಿದ್ದರೆ ಅದನ್ನೂ ಕೆಡವಿ ಕಟ್ಟುತ್ತಿತ್ತು.

ಮೊನ್ನೆ ಬೆಂಗಳೂರಿನ ಸಹೋದ್ಯೋಗಿಯೊಬ್ಬರು ಶುದ್ಧ ಕನ್ನಡದ ಅಭಿಮಾನದಿಂದ ನನ್ನ ‘ಸಿರ್ಸಿ’ಯನ್ನು ‘ಶಿರಸಿ’ ಎಂದು ತಿದ್ದಿದರು. ಕಟ್ಟುವುದು 1, ಕೆಡವುವುದು 1 ಎಂದಿತು ಯಂತ್ರ. ಚಹಾ ಆರಿ ತಣ್ಣಗಾಯಿತು. ಪೂರ್ತಿ ಓದಿ, ಬೇಡ ಎಂದೆ.